ಮಗುವಿನ ಲಿಂಗವನ್ನು ತಂದೆತಾಯಿ ಆರಿಸಬಹುದೇ? ಈ ಪ್ರಶ್ನೆಯ ಮೇಲೆ ಚರ್ಚೆ ನಡೆಸುವ ಬಗೆ

ವೈದ್ಯಕೀಯ, ನರ್ಸಿಂಗ್, ಕಾನೂನು ಅಥವಾ ಸಮಾಜಕಾರ್ಯ ಓದುವವರ ನಡುವೆ ಈ ವಿಷಯ ಎತ್ತಿದರೆ ಹತ್ತೇ ನಿಮಿಷದಲ್ಲಿ ಮಾತು ಕಾವೇರುತ್ತದೆ, ಆದರೆ ಮುಂದಕ್ಕೆ ಹೋಗುವುದಿಲ್ಲ. ಇಲ್ಲಿ ಮೂರು ಪ್ರಶ್ನೆಗಳು ಒಟ್ಟಿಗೆ ಹೆಣೆದುಕೊಂಡಿವೆ: ಯಾವ ಕಾರಣಕ್ಕೆ ಆರಿಸುತ್ತಾರೆ, ಯಾವ ವಿಧಾನದಿಂದ ಆರಿಸುತ್ತಾರೆ, ಹಾಗೆ ಆರಿಸಿದರೆ ಉಳಿದವರಿಗೆ ಏನಾಗುತ್ತದೆ. ಒಬ್ಬರು ವಿಧಾನದ ಬಗ್ಗೆ ಆಕ್ಷೇಪ ಎತ್ತಿದರೆ ಇನ್ನೊಬ್ಬರು ಕಾರಣವನ್ನು ಸಮರ್ಥಿಸಿ ಉತ್ತರ ಕೊಡುತ್ತಾರೆ. ಚರ್ಚೆ ನಡೆಸಿಕೊಡುವವರ ಮುಖ್ಯ ಕೆಲಸ ಈ ಮೂರನ್ನೂ ಬಿಡಿಸಿ ಇಡುವುದು.

ಸಿದ್ಧತೆ

ಹನ್ನೆರಡರಿಂದ ಹದಿನೈದು ಜನ, ಎರಡು ಗಂಟೆ ಸಮಯ. ಇಪ್ಪತ್ತಕ್ಕಿಂತ ಹೆಚ್ಚು ಜನರಿದ್ದರೆ ಎರಡು ಗುಂಪು ಮಾಡಿ; ದೊಡ್ಡ ಗುಂಪಿನಲ್ಲಿ ಮೂರೋ ನಾಲ್ಕೋ ಜನ ಮಾತಾಡುತ್ತಾರೆ, ಉಳಿದವರು ಕೇಳುತ್ತಾ ಕೂರುತ್ತಾರೆ. ಬೋರ್ಡಿನ ಮೇಲೆ ಮೂರು ಕಂಬ ಎಳೆದು ಕಾರಣ, ವಿಧಾನ, ಪರಿಣಾಮ ಎಂದು ಬರೆಯಿರಿ. ಯಾರು ಏನೇ ಹೇಳಿದರೂ ಅದು ಯಾವ ಕಂಬಕ್ಕೆ ಸೇರುತ್ತದೆಂದು ಅವರನ್ನೇ ಕೇಳಿ ಬರೆಯಬೇಕು. ಈ ಒಂದು ಶಿಸ್ತು ಅರ್ಧ ಜಗಳವನ್ನು ತಪ್ಪಿಸುತ್ತದೆ.

ಶುರುವಿನಲ್ಲೇ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಕಾಯಿಲೆಯ ಕಾರಣವಿಲ್ಲದೆ ಲಿಂಗ ಆಯ್ಕೆ ಮಾಡುವುದು ಸರಿಯೇ ತಪ್ಪೇ, ಯಾಕೆ ಎಂದು ಒಂದೇ ವಾಕ್ಯದಲ್ಲಿ ಬರೆಸಿ. ಹೆಸರು ಬೇಡ. ಕೋಣೆಯಲ್ಲಿ ಗರ್ಭ ಕಳೆದುಕೊಂಡವರು, ಮಕ್ಕಳಾಗದೆ ಚಿಕಿತ್ಸೆಯಲ್ಲಿರುವವರು, ಹೆಣ್ಣಾಗಿ ಹುಟ್ಟಿದ್ದಕ್ಕೆ ಮನೆಯಲ್ಲಿ ಮಾತು ಕೇಳಿದವರು ಇರಬಹುದು. ಆದ್ದರಿಂದ ಯಾರೂ ತಮ್ಮ ಮನೆಯ ಕಥೆ ಹೇಳಬೇಕಾಗಿಲ್ಲ, ಎದ್ದು ಹೊರಗೆ ಹೋದರೆ ಯಾರೂ ಕಾರಣ ಕೇಳುವುದಿಲ್ಲ ಎಂದು ಮೊದಲೇ ತಿಳಿಸಿ. ಸಾಲಾಗಿ ಒಬ್ಬೊಬ್ಬರ ಅಭಿಪ್ರಾಯ ಕೇಳುವ ಪದ್ಧತಿ ಇಲ್ಲಿ ಬೇಡವೇ ಬೇಡ.

ಮೊದಲ ಇಪ್ಪತ್ತು ನಿಮಿಷ: ವಾಸ್ತವ ಸಂಗತಿಗಳು

ತಂತ್ರಜ್ಞಾನ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ತಿಳಿಯದೆ ನೈತಿಕ ಮಾತು ನಿಲ್ಲುವುದಿಲ್ಲ. ವಿಧಾನಗಳನ್ನು ಅವು ಬರುವ ಹಂತದ ಕ್ರಮದಲ್ಲೇ ಹೇಳಿ.

ಗರ್ಭಧಾರಣೆಗೆ ಮೊದಲಿನದು ವೀರ್ಯಾಣು ವಿಂಗಡಣೆ. ಹೆಣ್ಣುಮಗುವಿಗೆ ಕಾರಣವಾಗುವ ಎಕ್ಸ್ ವರ್ಣತಂತು ಹೊತ್ತ ವೀರ್ಯಾಣುವಿನಲ್ಲಿ, ಗಂಡುಮಗುವಿಗೆ ಕಾರಣವಾಗುವ ವೈ ಹೊತ್ತದ್ದಕ್ಕಿಂತ ಡಿಎನ್‌ಎ ಸುಮಾರು ಶೇ. 2.8ರಷ್ಟು ಹೆಚ್ಚಿರುತ್ತದೆ, ಬಣ್ಣ ಹಚ್ಚಿ ಯಂತ್ರದಿಂದ ಬೇರ್ಪಡಿಸಲು ಆ ವ್ಯತ್ಯಾಸವೇ ಆಧಾರ. ಇದು ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಖಾತ್ರಿ ಕೊಡುವುದಿಲ್ಲ. ಎರಡನೆಯದು ಭ್ರೂಣ ಪರೀಕ್ಷೆ. ಐವಿಎಫ್‌ನಲ್ಲಿ, ಅಂದರೆ ದೇಹದ ಹೊರಗೆ ಅಂಡಾಣುವನ್ನು ಫಲಿತಗೊಳಿಸುವ ವಿಧಾನದಲ್ಲಿ, ಬೆಳೆಸಿದ ಭ್ರೂಣದಿಂದ ಐದನೆಯ ಅಥವಾ ಆರನೆಯ ದಿನ, ಮುಂದೆ ಮಾಸು ಆಗುವ ಹೊರಪದರದಿಂದ ಕೆಲವೇ ಜೀವಕೋಶಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಮೂರನೆಯ ಹಂತ ಗರ್ಭ ನಿಂತ ಮೇಲಿನದು: ಹತ್ತನೆಯ ವಾರದ ಹೊತ್ತಿಗೆ ತಾಯಿಯ ರಕ್ತದಲ್ಲಿ ಸಿಗುವ ಡಿಎನ್‌ಎ ತುಣುಕುಗಳಿಂದ, ಆಮೇಲೆ ಸ್ಕ್ಯಾನಿಂಗ್‌ನಿಂದ ಲಿಂಗ ತಿಳಿಯುತ್ತದೆ. ಆ ಹಂತದಲ್ಲಿ ಆಯ್ಕೆ ಎಂದರೆ ಗರ್ಭಪಾತ.

ಆಹಾರಕ್ರಮ, ಕೂಡುವ ದಿನದ ಲೆಕ್ಕ, ಪಂಚಾಂಗದಂಥ ಕೋಷ್ಟಕಗಳನ್ನೂ ಯಾರಾದರೂ ಎತ್ತುತ್ತಾರೆ. ಇವುಗಳಿಂದ ಲಿಂಗ ಬದಲಾಗುತ್ತದೆ ಎನ್ನಲು ನಂಬಬಹುದಾದ ಪುರಾವೆಯಿಲ್ಲ. ಏನೂ ಮಾಡದಿದ್ದರೂ ಎರಡರಲ್ಲೊಂದು ಸಲ ಬಯಸಿದ್ದೇ ಹುಟ್ಟುವುದರಿಂದ ಇವುಗಳ ಮೇಲಿನ ನಂಬಿಕೆ ಉಳಿದುಕೊಂಡಿದೆ, ಅಷ್ಟೇ.

ಐವಿಎಫ್‌ನ ಹೊರೆಯನ್ನು ಅಂಕಿಗಳಲ್ಲೇ ಬರೆದು ತೋರಿಸಿ. ಉದಾಹರಣೆಗೆ ಹತ್ತು ಅಂಡಾಣು ಸಿಕ್ಕವು, ಎಂಟು ಬಲಿತವು, ಆರು ಫಲಿತವಾದವು, ಮೂರು ಐದನೆಯ ದಿನ ಮುಟ್ಟಿದವು ಎಂದುಕೊಳ್ಳಿ. ಆ ಮೂರರಲ್ಲಿ ಬಯಸಿದ ಲಿಂಗದ್ದು ಒಂದೋ ಎರಡೋ ಇರಬಹುದು. ಮೂರೂ ಬೇರೆಯದೇ ಆಗುವ ಸಾಧ್ಯತೆ ಎಂಟರಲ್ಲಿ ಒಂದು. ಹಾರ್ಮೋನ್ ಚುಚ್ಚುಮದ್ದು, ಅಂಡಾಶಯ ಅತಿಯಾಗಿ ಊದಿಕೊಳ್ಳುವ ಅಪಾಯ, ಅಂಡಾಣು ತೆಗೆಯುವ ಪ್ರಕ್ರಿಯೆ, ಇವೆಲ್ಲ ಹೆಣ್ಣಿನ ದೇಹದ ಮೇಲೆಯೇ ನಡೆಯುತ್ತವೆ. "ನಾವಿಬ್ಬರೂ ಸೇರಿ ಆರಿಸಿದೆವು" ಎನ್ನುವಾಗ ಹೊರೆ ಇಬ್ಬರಿಗೂ ಸಮನಾಗಿ ಹಂಚಿಲ್ಲ ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

ಪ್ರಕರಣಗಳು: ಒಂದು ಗಂಟೆ

ನಾಲ್ಕು ಪ್ರಕರಣ ಸಾಕು, ಆದರೆ ಕ್ರಮ ಮುಖ್ಯ. ಕಾಯಿಲೆಯದನ್ನು ಮೊದಲಿಡಿ. ಎಲ್ಲರೂ ಒಪ್ಪುವಂತೆ ಕಾಣುವುದು ಅದೇ, ಕೆದಕಿದಾಗ ಹೆಚ್ಚು ಕಲಿಸುವುದೂ ಅದೇ.

ತಾಯಿ ಡುಷೆನ್ ಸ್ನಾಯುಕ್ಷಯದ, ಅಂದರೆ ಸ್ನಾಯುಗಳು ಕ್ರಮೇಣ ಬಲಗುಂದುವ ಆನುವಂಶಿಕ ಕಾಯಿಲೆಯ ವಾಹಕಿ; ದೋಷವಿರುವ ಜೀನ್ ಅವಳಲ್ಲಿದೆ, ಅದು ಮಕ್ಕಳಿಗೆ ಹೋಗಬಹುದು. ಅವಳಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಎರಡರಲ್ಲಿ ಒಂದು. ಹೆಣ್ಣುಮಗು ವಾಹಕಿಯಾಗುವ ಸಾಧ್ಯತೆಯೂ ಅಷ್ಟೇ. ಇಂಥ ಕಾಯಿಲೆಗಳನ್ನು ತಪ್ಪಿಸಲೆಂದೇ 1990ರಲ್ಲಿ ಲಂಡನ್ನಿನಲ್ಲಿ ಭ್ರೂಣದ ಲಿಂಗ ಪತ್ತೆಹಚ್ಚುವ ಪರೀಕ್ಷೆಯನ್ನು ಮೊದಲು ಬಳಸಿದ್ದು. ಗುಂಪು ತಕ್ಷಣ "ಹಾಗಾದರೆ ಹೆಣ್ಣು ಭ್ರೂಣ ಆರಿಸಲಿ" ಎನ್ನುತ್ತದೆ. ಅಲ್ಲಿ ನಿಲ್ಲಿಸಿ ಕೇಳಿ: ಆ ಕುಟುಂಬದ ಜೀನ್ ದೋಷ ಯಾವುದೆಂದು ಗೊತ್ತಿದ್ದರೆ ಇಂದು ದೋಷವನ್ನೇ ನೇರವಾಗಿ ಪರೀಕ್ಷಿಸಬಹುದು. ಲಿಂಗ ನೋಡಿ ಆರಿಸಿದರೆ ಆರೋಗ್ಯವಂತ ಗಂಡು ಭ್ರೂಣಗಳೂ ಪಕ್ಕಕ್ಕೆ ಹೋಗುತ್ತವೆ. ಹಾಗಿದ್ದಮೇಲೆ ಲಿಂಗವನ್ನು ಯಾಕೆ ನೋಡಬೇಕು? ದೋಷ ಪತ್ತೆಯಾಗದ ಕುಟುಂಬಗಳಲ್ಲಿ ಮಾತ್ರ ಲಿಂಗವೇ ಉಳಿಯುವ ದಾರಿ. "ವೈದ್ಯಕೀಯ ಕಾರಣ" ಎಂದ ಮಾತ್ರಕ್ಕೆ ಲಿಂಗ ಆಯ್ಕೆ ಸಮರ್ಥನೆಯಾಗುವುದಿಲ್ಲ ಎಂಬುದು ಇಲ್ಲಿಂದ ಹೊರಡಬೇಕು.

ಸಮಯವಿದ್ದರೆ ಇದನ್ನೇ ತಿರುಗಿಸಿ. ತಂದೆಗೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ಇದೆ, ತಾಯಿ ವಾಹಕಿಯಲ್ಲ. ಗಂಡುಮಕ್ಕಳಿಗೆ ಅವನಿಂದ ಕಾಯಿಲೆ ಬರುವುದಿಲ್ಲ. ಹೆಣ್ಣುಮಕ್ಕಳೆಲ್ಲ ವಾಹಕಿಯರು, ಅವರಲ್ಲಿ ಕೆಲವರಿಗೆ ರಕ್ತಸ್ರಾವದ ತೊಂದರೆಯೂ ಇರುತ್ತದೆ. ವಾಹಕಿ ಹುಟ್ಟದಿರಲೆಂದು ಗಂಡನ್ನೇ ಆರಿಸಬಹುದೇ? ಯಾರ ಹಿತಕ್ಕೆ? ಮಗಳ ಹಿತಕ್ಕೋ, ಇನ್ನೂ ಹುಟ್ಟದ ಮೊಮ್ಮಗನ ಹಿತಕ್ಕೋ?

ಎರಡನೆಯ ಪ್ರಕರಣ: ಇಬ್ಬರು ಗಂಡುಮಕ್ಕಳಿರುವ ದಂಪತಿಗೆ ಮಗಳು ಬೇಕು. ಇಲ್ಲಿ ಗುಂಪಿಗೆ ಎರಡು ಪರೀಕ್ಷೆ ಒಡ್ಡಿ. ಗಂಡು ಹೆಣ್ಣನ್ನು ಅದಲುಬದಲು ಮಾಡಿದರೂ ಉತ್ತರ ಅದೇ ಇರುತ್ತದೆಯೇ? ಬದಲಾದರೆ, ಬದಲಾಯಿಸಿದ ಸಂಗತಿ ಯಾವುದೆಂದು ಪರಿಣಾಮದ ಕಂಬದಲ್ಲಿ ಬರೆಸಿ. ಇನ್ನೊಂದು: ಭ್ರೂಣ ತೆಗೆದುಹಾಕದೆ, ದೇಹಕ್ಕೆ ನೋವಿಲ್ಲದೆ, ಒಂದು ಮಾತ್ರೆಯಿಂದ ಲಿಂಗ ನಿರ್ಧಾರವಾಗುವಂತಿದ್ದರೆ ನಿಮ್ಮ ಆಕ್ಷೇಪ ಉಳಿಯುತ್ತದೆಯೇ? ಉಳಿಯದಿದ್ದರೆ ಅದು ವಿಧಾನದ ಮೇಲಿನ ಆಕ್ಷೇಪ. ಉಳಿದರೆ ಕಾರಣದ ಮೇಲಿನದು, ಅಥವಾ ಪರಿಣಾಮದ್ದು. ಇಡೀ ಗೋಷ್ಠಿಯಲ್ಲಿ ಅತ್ಯಂತ ಉಪಯುಕ್ತ ಪ್ರಶ್ನೆ ಇದು. ಹದಿನೈದು ನಿಮಿಷವಾದರೂ ಕೊಡಿ.

ಇದೇ ಪ್ರಕರಣದಲ್ಲಿ "ಮಗಳು ಬೇಕು" ಎನ್ನುವವರಿಗೆ ನಿಜವಾಗಿ ಏನು ಬೇಕಾಗಿದೆ ಎಂದೂ ಕೇಳಬೇಕು. ಪರೀಕ್ಷೆ ತೋರಿಸುವುದು ವರ್ಣತಂತುವನ್ನು. ಅವರ ಮನಸ್ಸಿನಲ್ಲಿರುವುದು ಒಂದು ಬಗೆಯ ಮಗು: ಮೃದು ಸ್ವಭಾವ, ಆಪ್ತತೆ, ಮುಪ್ಪಿನಲ್ಲಿ ಆಸರೆ. ಯಾವ ಪ್ರಯೋಗಾಲಯವೂ ಅದನ್ನು ಕೊಡಲಾರದು. ಅಷ್ಟು ಶ್ರಮಪಟ್ಟು ಪಡೆದ ಮಗು ಆ ನಿರೀಕ್ಷೆಯಂತೆ ಬೆಳೆಯದಿದ್ದರೆ ಅದರ ಭಾರ ಹೊರುವುದು ಆ ಮಗುವೇ. ನಮ್ಮ ದೃಷ್ಟಿಯಲ್ಲಿ ಲಿಂಗ ಆಯ್ಕೆಯ ವಿರುದ್ಧದ ಗಟ್ಟಿ ವಾದ ಇದು. ಆದರೂ ಆರಿಸಿ ಪಡೆದ ಮಗುವನ್ನೂ ಮನಸಾರೆ ಪ್ರೀತಿಸಬಲ್ಲ ತಂದೆತಾಯಿ ಇದ್ದಾರೆ ಎಂಬ ಮರುಮಾತನ್ನು ಯಾರಾದರೂ ಹೇಳಲೇಬೇಕು. ಯಾರೂ ಹೇಳದಿದ್ದರೆ ನೀವೇ ಹೇಳಿ.

ಮೂರನೆಯದು ಚಿಕ್ಕದು, ಚೂಪಾದದ್ದು. ಬಂಜೆತನಕ್ಕೆ ಹೇಗೂ ಐವಿಎಫ್ ಆಗುತ್ತಿದೆ, ವರ್ಣತಂತು ಪರೀಕ್ಷೆಯೂ ಆಗಿದೆ, ಎರಡು ಒಳ್ಳೆಯ ಭ್ರೂಣಗಳಿವೆ, ಒಂದು ಗಂಡು, ಒಂದು ಹೆಣ್ಣು. ಹೆಚ್ಚಿನ ಹೊರೆಯಿಲ್ಲ, ಯಾವುದಾದರೂ ಒಂದನ್ನು ಮೊದಲು ಇಡಲೇಬೇಕು. ದಂಪತಿ ಆರಿಸಿದರೆ ತಪ್ಪೇನು? ನಾಲ್ಕನೆಯದರಲ್ಲಿ ಆರಿಸಬೇಕೆನ್ನುವವರು ಮನೆಯ ಹಿರಿಯರು, ಒಪ್ಪಿಗೆಗೆ ಸಹಿ ಹಾಕುವವಳು ಹೆಂಡತಿ. ಇಲ್ಲಿ ಕೇಳಬೇಕಾದ್ದು ಒಂದೇ: ಬಯಸಿದ ಲಿಂಗದ ಭ್ರೂಣ ಸಿಗದಿದ್ದರೆ ಆ ಹೆಂಡತಿಗೆ ಏನಾಗುತ್ತದೆ?

ಪರಿಣಾಮದ ಲೆಕ್ಕ

"ನಮ್ಮ ಮನೆಯ ಒಂದು ಮಗುವಿನಿಂದ ಲೋಕಕ್ಕೇನು?" ಎಂಬ ವಾದಕ್ಕೆ ಬೋರ್ಡಿನ ಮೇಲೇ ಲೆಕ್ಕ ಮಾಡಿಸಿ. ಸಹಜವಾಗಿ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. ಅಂದರೆ 1000 ಜನನದಲ್ಲಿ 512 ಗಂಡು, 488 ಹೆಣ್ಣು. ಹೆಣ್ಣು ಹುಟ್ಟಬೇಕಿದ್ದ ಕಡೆಗಳಲ್ಲಿ ಇಪ್ಪತ್ತಕ್ಕೆ ಒಂದರಂತೆ, ಅಂದರೆ 24 ಕಡೆ, ಗಂಡನ್ನು ಆರಿಸಿದರೆ ಸಂಖ್ಯೆ 536 ಮತ್ತು 464 ಆಗುತ್ತದೆ. ಅನುಪಾತ 105ರಿಂದ 115ರ ಮೇಲಕ್ಕೆ ಜಿಗಿಯಿತು. ದಕ್ಷಿಣ ಕೊರಿಯಾದಲ್ಲಿ 1987ರಲ್ಲೇ ಭ್ರೂಣದ ಲಿಂಗ ತಿಳಿಸುವುದನ್ನು ನಿಷೇಧಿಸಿದ್ದರೂ 1990ರಲ್ಲಿ ಅನುಪಾತ 116ರ ಆಸುಪಾಸಿಗೆ ಏರಿತ್ತು. ಆಮೇಲಿನ ಎರಡು ದಶಕಗಳಲ್ಲಿ ಅದು ಸಹಜ ಮಟ್ಟಕ್ಕೆ ಇಳಿಯಿತು. ಕಾನೂನೊಂದೇ ಸಾಕಾಗುವುದಿಲ್ಲ, ಗಂಡೇ ಬೇಕೆಂಬ ಮನಸ್ಸೂ ಬದಲಾಗುತ್ತದೆ ಎಂಬ ಎರಡು ಮಾತೂ ಈ ಒಂದು ಉದಾಹರಣೆಯಲ್ಲಿವೆ.

ಕಾನೂನನ್ನು ಕೊನೆಗಿಡಿ. ಮೊದಲೇ ಹೇಳಿದರೆ "ನಿಷೇಧವಿದೆ, ಮುಗಿಯಿತು" ಎಂದು ಯೋಚನೆ ನಿಂತುಬಿಡುತ್ತದೆ. ಬ್ರಿಟನ್ನಿನಲ್ಲಿ ಒಂದು ಲಿಂಗದವರಿಗೇ ಹೆಚ್ಚಾಗಿ ಬರುವ ಗಂಭೀರ ಕಾಯಿಲೆಯನ್ನು ತಪ್ಪಿಸಲು ಮಾತ್ರ ಅನುಮತಿ. ಕೆನಡಾದ 2004ರ ಕಾನೂನೂ ಅದೇ ದಾರಿಯದು. ಅಮೆರಿಕದಲ್ಲಿ ಐವಿಎಫ್ ಮೂಲಕ ಆರಿಸುವುದಕ್ಕೆ ಕೇಂದ್ರ ಮಟ್ಟದ ನಿಷೇಧವಿಲ್ಲ, ನಿರ್ಧಾರ ಕ್ಲಿನಿಕ್‌ಗಳಿಗೆ ಬಿಟ್ಟದ್ದು. ಭಾರತದಲ್ಲಿ 1994ರ ಕಾನೂನು, 2003ರ ತಿದ್ದುಪಡಿಯೊಂದಿಗೆ, ಗರ್ಭಧಾರಣೆಗೆ ಮೊದಲಾಗಲಿ ಆಮೇಲಾಗಲಿ ಲಿಂಗ ಆಯ್ಕೆಯನ್ನು ನಿಷೇಧಿಸುತ್ತದೆ, ಜಾಹೀರಾತೂ ಅಪರಾಧ. ಎಲ್ಲಿ ಮಾಡಿಸಬಹುದು, ಯಾರು ಮಾಡುತ್ತಾರೆ ಎಂಬತ್ತ ಮಾತು ತಿರುಗಿದರೆ ಅಲ್ಲೇ ತಡೆಯಿರಿ.

ಹಳಿ ತಪ್ಪುವ ಜಾಗಗಳು

ಹೆಚ್ಚಾಗಿ ಆಗುವುದು, ಇಡೀ ಚರ್ಚೆ ಗರ್ಭಪಾತ ಸರಿಯೋ ತಪ್ಪೋ ಎಂಬಲ್ಲಿಗೆ ಜಾರುವುದು. ಮಾತ್ರೆಯ ಪ್ರಶ್ನೆಗೆ ಮರಳಿ ಕರೆತನ್ನಿ. ಲಿಂಗ ಆಯ್ಕೆ ತಡೆಯುವ ಹೆಸರಿನಲ್ಲಿ ಮಹಿಳೆಯರಿಗೆ ಸುರಕ್ಷಿತ ಗರ್ಭಪಾತದ ಸೇವೆ ಸಿಗದಂತಾಗಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಇತರ ಅಂಗಸಂಸ್ಥೆಗಳು 2011ರ ಜಂಟಿ ಹೇಳಿಕೆಯಲ್ಲಿ ಎಚ್ಚರಿಸಿದ್ದನ್ನೂ ಇಲ್ಲಿ ಹೇಳಬೇಕು. ಇನ್ನೊಂದು ತೊಂದರೆ, ತಪ್ಪೆಲ್ಲ ತಾಯಂದಿರದ್ದೇ ಎಂಬಂತೆ ಮಾತು ಸಾಗುವುದು. ಆಗ ನಾಲ್ಕನೆಯ ಪ್ರಕರಣವನ್ನು ಮತ್ತೆ ಓದಿಸಿ.

ಕೊನೆಯ ಹತ್ತು ನಿಮಿಷ ಮೊದಲಿನ ಪ್ರಶ್ನೆಗೇ ಇನ್ನೊಂದು ಚೀಟಿ ಬರೆಸಿ. ಈ ಸಲ ಉತ್ತರದ ಪಕ್ಕದಲ್ಲಿ ಅದು ಯಾವ ಕಂಬದ ಮೇಲೆ ನಿಂತಿದೆ, ಯಾವ ಸಂಗತಿ ಬದಲಾದರೆ ಉತ್ತರವೂ ಬದಲಾದೀತು ಎಂದೂ ಕೇಳಿ. ಎಷ್ಟು ಜನ ಪಕ್ಷ ಬದಲಿಸಿದರು ಎಂದು ಎಣಿಸಬೇಡಿ. ಕಾರಣ ಎಷ್ಟು ಸ್ಪಷ್ಟವಾಯಿತು ಎಂದು ನೋಡಿ.

ಎಲ್ಲರೂ ಹೋದ ಮೇಲೆ ಒಬ್ಬರು ಉಳಿದು, ತಮ್ಮ ಮೇಲೇ ಇಂಥ ಒತ್ತಡ ಇದೆ ಎಂದು ಹೇಳಬಹುದು. ಅವರ ಮುಂದೆ ವಾದ ಮುಂದುವರಿಸಬೇಡಿ, ಸಲಹೆಯನ್ನೂ ಕೊಡಬೇಡಿ. ಮನೆಯಲ್ಲಿ ಸುರಕ್ಷಿತವಾಗಿದ್ದೀರಾ ಎಂದು ಮೊದಲು ಕೇಳಿ. ಆಪ್ತಸಮಾಲೋಚಕರ ಮತ್ತು ಮಹಿಳಾ ಸಹಾಯವಾಣಿಯ ಸಂಖ್ಯೆಗಳನ್ನು ಗೋಷ್ಠಿಗೆ ಮೊದಲೇ ಬರೆದಿಟ್ಟುಕೊಂಡು, ಆ ಚೀಟಿಯನ್ನು ಯಾರಿಗೂ ಕಾಣದಂತೆ ಕೊಡಿ.