ಶುಲ್ಕ ಕಟ್ಟುವ ಮೊದಲು ಪಟ್ಟಿ ನೋಡಿ: ವಿಕಲಚೇತನರ ಸೇವಾ ವೃತ್ತಿಗೆ ಸೇರುವುದು ಹೇಗೆ?

ವಿಶೇಷ ಶಾಲೆಗಳಲ್ಲಿ, ಪುನರ್ವಸತಿ ಕೇಂದ್ರಗಳಲ್ಲಿ ತರಬೇತಾದವರಿಗೆ ಬೇಡಿಕೆಯಿದೆ. ಆದರೂ ಕೋರ್ಸ್ ಮುಗಿಸಿ ಸಂದರ್ಶನಕ್ಕೆ ಹೋದವರು ‘ನಿಮ್ಮ ಸಿಆರ್‌ಆರ್ ನಂಬರ್ ಎಷ್ಟು?’ ಎಂಬ ಮೊದಲ ಪ್ರಶ್ನೆಗೇ ತಬ್ಬಿಬ್ಬಾಗುವುದುಂಟು; ಸಿಆರ್‌ಆರ್ ಎಂದರೆ ಈ ವೃತ್ತಿ ನಡೆಸಲು ಬೇಕಾದ ಕೇಂದ್ರೀಯ ನೋಂದಣಿ. ದುಡ್ಡು, ವರ್ಷ ಎರಡೂ ಹೋದಮೇಲೆ ಸರಿಪಡಿಸುವುದು ಕಷ್ಟ. ಆದ್ದರಿಂದ ಕ್ರಮವಾಗಿ ಹೋಗಿ.

ಹಂತ 1: ಯಾವ ಕೆಲಸ ಎಂದು ತೀರ್ಮಾನಿಸಿ

ಪಿಯುಸಿ ಆದವರಿಗೆ ವಿಶೇಷ ಶಿಕ್ಷಣದ 2 ವರ್ಷದ ಡಿ.ಎಡ್. ಇದೆ. ಪದವೀಧರರಿಗೆ ವಿಶೇಷ ಬಿ.ಎಡ್. ಮಾತು, ಶ್ರವಣದ ಕ್ಷೇತ್ರಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಡಿಪ್ಲೊಮಾದಿಂದ ಹಿಡಿದು ಉನ್ನತ ಪದವಿಯವರೆಗೆ ಓದಬಹುದು. ಊರು ಬಿಡಲಾಗದವರು ಸಿಬಿಐಡಿ (ಸಮುದಾಯ ಆಧಾರಿತ ಒಳಗೊಳ್ಳುವ ಅಭಿವೃದ್ಧಿ) ಎಂಬ 6 ತಿಂಗಳ ಸರ್ಟಿಫಿಕೇಟ್ ಕೋರ್ಸ್ ವಿಚಾರಿಸಿ. ಈ ಕ್ಷೇತ್ರದ ಕೋರ್ಸುಗಳಿಗೆ ಅನುಮೋದನೆ ಕೊಡುವ ಭಾರತೀಯ ಪುನರ್ವಸತಿ ಪರಿಷತ್ತು ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆ ಸೇರಿ ರೂಪಿಸಿದ ಈ ಕೋರ್ಸ್ 2021ರಲ್ಲಿ ಆರಂಭವಾಯಿತು. ಮನೆಮನೆಗೆ ಹೋಗಿ ಮಾಡುವ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ, ಅಂದರೆ ವಿಆರ್‌ಡಬ್ಲ್ಯೂ, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಅಂದರೆ ಎಂಆರ್‌ಡಬ್ಲ್ಯೂ ಕೆಲಸ ವಿಕಲಚೇತನರಿಗೇ ಮೀಸಲು, ಸಂಬಳವಲ್ಲ, ಗೌರವಧನ.

ಹಂತ 2: ಅನುಮೋದನೆ ಪರೀಕ್ಷಿಸಿ

ಎಡವುವುದು ಇಲ್ಲೇ. 1992ರ ಪುನರ್ವಸತಿ ಪರಿಷತ್ತು ಕಾಯ್ದೆಯ ಪ್ರಕಾರ ವಿಶೇಷ ಶಿಕ್ಷಕರು, ವಾಕ್ ಚಿಕಿತ್ಸಕರು ಮೊದಲಾದವರು ಕೇಂದ್ರೀಯ ಪುನರ್ವಸತಿ ನೋಂದಣಿಯಲ್ಲಿ, ಅಂದರೆ ಸಿಆರ್‌ಆರ್‌ನಲ್ಲಿ, ಹೆಸರು ಸೇರಿಸದೆ ವೃತ್ತಿ ನಡೆಸುವಂತಿಲ್ಲ. ತಪ್ಪಿದರೆ 1 ವರ್ಷದವರೆಗೆ ಸೆರೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪರಿಷತ್ತು ಒಪ್ಪಿದ ಕೋರ್ಸ್ ಓದಿರದಿದ್ದರೆ ಆ ನೋಂದಣಿ ಸಿಗುವುದೇ ಇಲ್ಲ.

ಪರಿಷತ್ತಿನ ವೆಬ್‌ಸೈಟಿನಲ್ಲಿ ರಾಜ್ಯವಾರು ಪಟ್ಟಿ ಇರುತ್ತದೆ. ಸಂಸ್ಥೆಯ ಹೆಸರು ಕಂಡಿತೆಂದು ಸಮಾಧಾನಪಟ್ಟುಕೊಳ್ಳಬೇಡಿ. ಪರಿಷತ್ತು ಒಂದೊಂದು ಕೋರ್ಸಿಗೂ ಬೇರೆಬೇರೆ ಅನುಮೋದನೆ ಕೊಡುತ್ತದೆ, ಅದಕ್ಕೊಂದು ಅವಧಿಯೂ ಇರುತ್ತದೆ. ಶ್ರವಣದೋಷದ ಡಿ.ಎಡ್.ಗೆ ಅನುಮೋದನೆ ಪಡೆದ ಸಂಸ್ಥೆ, ಬೌದ್ಧಿಕ ವೈಕಲ್ಯದ ಡಿ.ಎಡ್.ಗೂ ಪ್ರವೇಶ ಕೊಡುತ್ತೇವೆ ಎಂದರೆ ಅನುಮಾನಿಸಿ. ನಾಲ್ಕು ವಿಷಯ ಬರೆದುಕೊಳ್ಳಿ: ಕೋರ್ಸಿನ ಪೂರ್ತಿ ಹೆಸರು, ಸಂಸ್ಥೆಯ ಕೋಡ್, ಅನುಮೋದಿತ ಶೈಕ್ಷಣಿಕ ವರ್ಷ, ಸೀಟುಗಳ ಸಂಖ್ಯೆ. 25 ಸೀಟಿಗೆ 40 ಜನರನ್ನು ಸೇರಿಸಿಕೊಂಡರೆ ಹೆಚ್ಚುವರಿ 15 ಮಂದಿಯ ಹೆಸರು ಪರಿಷತ್ತಿಗೆ ಹೋಗುವುದಿಲ್ಲ. ‘ಅರ್ಜಿ ಹಾಕಿದ್ದೇವೆ, ಈ ವರ್ಷ ಬರುತ್ತದೆ’ ಎಂದರೆ ಆ ವರ್ಷ ಸೇರಬೇಡಿ.

ಹತ್ತು ದಿನದ ‘ಆಟಿಸಂ ಥೆರಪಿಸ್ಟ್’ ಆನ್‌ಲೈನ್ ಕೋರ್ಸುಗಳ ಜಾಹೀರಾತು ಈಗ ಎಲ್ಲೆಲ್ಲೂ ಇದೆ. ಅದರಿಂದ ಸಿಆರ್‌ಆರ್ ಸಿಗುವುದಿಲ್ಲ, ದುಡ್ಡು ಕೊಡಬೇಡಿ. ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿ ಮೋಸವಲ್ಲ, ಮನೆ ಆರೈಕೆಗೆ ಉಪಯೋಗಕ್ಕೆ ಬರುತ್ತದೆ. ಆದರೆ ಅದರಿಂದಲೂ ಸಿಆರ್‌ಆರ್ ಇಲ್ಲ. ಫಿಸಿಯೊಥೆರಪಿ ಈ ಪರಿಷತ್ತಿನ ವ್ಯಾಪ್ತಿಗೇ ಬರುವುದಿಲ್ಲ.

ಹಂತ 3: ಕೈಕೆಲಸ ಕಲಿಯಿರಿ

ಪಾಠ ಓದಿದರೆ ಬರುತ್ತದೆ. ಮೈ ಮುಟ್ಟಿ ಮಾಡುವ ಕೆಲಸ ಹಾಗಲ್ಲ. ಪ್ರಾಯೋಗಿಕ ತರಬೇತಿಗೆ ವ್ಯವಸ್ಥೆಯಿಲ್ಲದ ಸಂಸ್ಥೆ ಎಷ್ಟು ಹತ್ತಿರವಿದ್ದರೂ ಬೇಡ.

ಮಂಚದಿಂದ ವೀಲ್‌ಚೇರ್‌ಗೆ ಕೂರಿಸುವುದನ್ನೇ ನೋಡಿ. ಹೊಸಬರು ಕಂಕುಳಿಗೆ ಕೈಹಾಕಿ ಎತ್ತಿಬಿಡುತ್ತಾರೆ. ಪಾರ್ಶ್ವವಾಯುವಿನಿಂದ ಬಲ ಕಳೆದುಕೊಂಡ ತೋಳಾದರೆ ಭುಜದ ಕೀಲು ಜಾರಬಹುದು. ಸರಿಯಾದ ರೀತಿ ಹೀಗೆ: ವ್ಯಕ್ತಿಗೆ ಬಲವಿರುವ ಬದಿಯಲ್ಲಿ, ಮಂಚಕ್ಕೆ 30ರಿಂದ 45 ಡಿಗ್ರಿ ಓರೆಯಾಗಿ ಕುರ್ಚಿ ಇಡಿ. ಎರಡೂ ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮೇಲೆತ್ತಿ. ಏನು ಮಾಡಲಿದ್ದೀರಿ ಎಂದು ಅವರಿಗೆ ಹೇಳಿ, ಒಪ್ಪಿಗೆ ಪಡೆಯಿರಿ. ಅವರು ಮಂಚದ ಅಂಚಿಗೆ ಸರಿಯಲಿ, ಪಾದಗಳು ನೆಲಕ್ಕೆ ಊರಿರಲಿ. ಸೊಂಟದ ಬೆಲ್ಟ್ ಹಿಡಿದು, ಸೋತ ಕಾಲಿನ ಮಂಡಿಗೆ ನಿಮ್ಮ ಮಂಡಿ ಒತ್ತಾಗಿ ಕೊಡಿ. ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಅವರು ಮುಂದಕ್ಕೆ ಬಾಗಲಿ. ಇದನ್ನು ಬಿಟ್ಟರೆ ಪೂರಾ ಭಾರ ನಿಮ್ಮ ಬೆನ್ನಿಗೆ. ‘ಒಂದು, ಎರಡು, ಮೂರು’ ಎಂದು ಗಟ್ಟಿಯಾಗಿ ಎಣಿಸಿ, ಒಟ್ಟಿಗೆ ಎದ್ದು, ಪಾದ ತಿರುಗಿಸಿ ಕೂರಿಸಿ. ನೀವು ಬಗ್ಗಬೇಕಾದ್ದು ಮಂಡಿಯಲ್ಲಿ, ಸೊಂಟದಲ್ಲಲ್ಲ. ಕೈಯಾಸರೆ ತೆಗೆಯಲು ಬಾರದ ಅಗ್ಗದ ಕುರ್ಚಿಯಲ್ಲಿ ಈ ಕೆಲಸ ದುಪ್ಪಟ್ಟು ಕಷ್ಟ.

ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಊಟ ಮಾಡಿಸುವಾಗ ನಿಂತುಕೊಂಡು ತಿನ್ನಿಸಬೇಡಿ. ಮಗು ಮೇಲೆ ನೋಡುತ್ತದೆ, ಕತ್ತು ಹಿಂದಕ್ಕೆ ಬಾಗುತ್ತದೆ, ಅನ್ನ ಶ್ವಾಸನಾಳಕ್ಕೆ ಇಳಿಯಬಹುದು. ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತು, ಗಲ್ಲ ತುಸು ಕೆಳಗಿರುವಂತೆ ನೋಡಿಕೊಂಡು ಸಣ್ಣ ತುತ್ತು ಕೊಡಿ. ಊಟದ ನಂತರ ಅರ್ಧ ಗಂಟೆ ಮಲಗಿಸಬೇಡಿ.

ಹಾಸಿಗೆ ಹಿಡಿದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಒತ್ತುಹುಣ್ಣಿಗೆಂದು ಅಂಗಡಿಯವರು ಕೊಡುವ, ನಡುವೆ ತೂತಿರುವ ಗಾಳಿ ಟ್ಯೂಬ್ ಕೊಳ್ಳಬೇಡಿ. ಅದರ ಅಂಚು ಸುತ್ತಲಿನ ಚರ್ಮವನ್ನು ಒತ್ತಿ ರಕ್ತಸಂಚಾರ ತಡೆದು ಹುಣ್ಣನ್ನು ಹೆಚ್ಚಿಸುತ್ತದೆ.

ಹಂತ 4: ನೋಂದಣಿ

ಫಲಿತಾಂಶ ಬಂದು ಪ್ರಮಾಣಪತ್ರ ಕೈಸೇರಿದ ಕೂಡಲೇ ಆನ್‌ಲೈನ್‌ನಲ್ಲಿ ಸಿಆರ್‌ಆರ್‌ಗೆ ಅರ್ಜಿ ಹಾಕಿ. ನಮ್ಮವರಿಗೆ ತೊಡಕಾಗುವುದು ಇನಿಷಿಯಲ್. ಎಸ್‌ಎಸ್‌ಎಲ್‌ಸಿಯಲ್ಲಿ ಹೆಸರಿನ ಮುಂದೆ ಒಂದೇ ಅಕ್ಷರ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಡಿಪ್ಲೊಮಾದಲ್ಲಿ ಮತ್ತೊಂದು ರೀತಿ ಇದ್ದರೆ ಅರ್ಜಿ ವಾಪಸ್ ಬರುತ್ತದೆ. ಕೋರ್ಸಿಗೆ ಸೇರುವ ದಿನವೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಹೆಸರು ಬರೆಸಿ, ಆಧಾರ್ ಅನ್ನೂ ಅದಕ್ಕೆ ಹೊಂದಿಸಿಕೊಳ್ಳಿ.

ನೋಂದಣಿಯನ್ನು ಅವಧಿ ಮುಗಿದಾಗ ನವೀಕರಿಸಬೇಕು. ಅದಕ್ಕೆ ಪರಿಷತ್ತು ಒಪ್ಪಿದ ಕಾರ್ಯಾಗಾರಗಳಲ್ಲಿ ಭಾಗವಹಿಸಿ ನಿರಂತರ ಪುನರ್ವಸತಿ ಶಿಕ್ಷಣದ, ಅಂದರೆ ಸಿಆರ್‌ಇ ಅಂಕ ಕೂಡಿಸಬೇಕು. ವರ್ಷಕ್ಕೆ ಒಂದೆರಡು ಕಾರ್ಯಾಗಾರದಂತೆ ಮುಗಿಸಿ, ಪ್ರತಿ ಪ್ರಮಾಣಪತ್ರವನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ; ಕೊನೆಯ ತಿಂಗಳಲ್ಲಿ ಅಂಕಕ್ಕಾಗಿ ಅಲೆಯುವ ಪ್ರಮೇಯವೇ ಬರುವುದಿಲ್ಲ.