ಒಂದು ಕೋಟಿ ರೂಪಾಯಿಯ ಮೆಣಸಿನಕಾಯಿ ಬಿಲ್ಲು

ಮೊದಲ ದಿನ ಲ್ಯಾಬ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಇದ್ದದ್ದು 30 ಸಿಸ್ಟಂ, ಬಂದದ್ದು 60ಕ್ಕೂ ಜಾಸ್ತಿ ಜನ. ಒಂದೊಂದು ಸಿಸ್ಟಂಗೆ ಇಬ್ಬರು, ಕಿಟಕಿ ಕಟ್ಟೆ ಮೇಲೆ ನಾಲ್ಕು ಜನ. ಮೂರನೇ ವಾರಕ್ಕೆ ಉಳಿದವರು 11. ಅದರಲ್ಲೂ ಇಬ್ಬರು ನನ್ನ ರೂಮ್‌ಮೇಟ್‌ಗಳು, ಪಾಪ, ನನ್ನ ಮುಖ ನೋಡಿ ಬಂದವರು.

ನಾನು ಓದುವುದು ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ. ಎರಡನೇ ವರ್ಷದಲ್ಲಿದ್ದಾಗ ಐದು ಜನ ಸೇರಿ ಕೋಡಿಂಗ್ ಕ್ಲಬ್ ಶುರು ಮಾಡಿದೆವು. ಫಸ್ಟ್ ಇಯರ್‌ನವರಿಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುವುದು, ಆಗಾಗ ಎಲ್ಲರೂ ಸೇರಿ ಏನಾದರೂ ಮಜಾ ಮಾಡುವುದು, ಇಷ್ಟೇ ಯೋಜನೆ. ಎಚ್‌ಒಡಿಗೆ ಲೆಟರ್ ಬರೆದದ್ದು, ಲ್ಯಾಬ್ ಬೀಗದ ಕೈಗೆ ಅಲೆದದ್ದು ಎಲ್ಲ ಕಾಲೇಜಿನಲ್ಲೂ ಇದ್ದದ್ದೇ, ಬಿಡಿ. ಪೈಥಾನ್ ಯಾಕೆ ಅಂದರೆ, ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುವಿನ 2022ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಕಂಪ್ಯೂಟರ್ ಸೈನ್ಸ್ ಕಡೆಯವರಿಗೆ ಮೊದಲ ವರ್ಷವೇ ಸಿ ಭಾಷೆ ಇತ್ತು. ಸೆಮಿಕೋಲನ್ ಬಿಟ್ಟು ಬೈಸಿಕೊಂಡು ಬಂದವರಿಗೆ ಸ್ವಲ್ಪ ಉಸಿರಾಡುವ ಹಾಗಿರಲಿ ಅಂತ.

ಆದರೆ ಮೊದಲ ದಿನವೇ ನಾನು ಎಡವಟ್ಟು ಮಾಡಿದೆ. ನೋಟ್ಸ್ ಅನ್ನು ವರ್ಡ್‌ನಲ್ಲಿ ಟೈಪ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಹುಡುಗರು ಅದನ್ನೇ ಕಾಪಿ ಮಾಡಿ ರನ್ ಒತ್ತಿದರು. ಎಲ್ಲರ ಸ್ಕ್ರೀನ್ ಮೇಲೂ ಒಂದೇ ಕೆಂಪು ಸಾಲು: ಸಿಂಟ್ಯಾಕ್ಸ್ ಎರರ್, ಇನ್‌ವ್ಯಾಲಿಡ್ ಕ್ಯಾರೆಕ್ಟರ್. ಆಗಿದ್ದಿಷ್ಟೇ, ವರ್ಡ್ ನಾವು ಹಾಕಿದ ನೇರ ಕೋಟ್ ಗುರುತನ್ನು ತಾನೇ ಬಾಗಿಸಿ ಚಂದ ಮಾಡಿಬಿಡುತ್ತದೆ. ಪೈಥಾನ್‌ಗೆ ಆ ಚಂದ ಬೇಡ, ನೇರವಾದದ್ದೇ ಬೇಕು. ನಮಗಿದು ಹೊಳೆಯಲು 20 ನಿಮಿಷ ಹಿಡಿಯಿತು. ಅಷ್ಟು ಹೊತ್ತೂ 60 ಜನ ತಪ್ಪು ತಮ್ಮದೇ ಅಂದುಕೊಂಡು ಕೂತಿದ್ದರು. ನನಗೆ ಈಗಲೂ ಬೇಜಾರಾಗುವುದು ಅದಕ್ಕೇ.

ಜನ ಯಾಕೆ ಬಿಟ್ಟು ಹೋದರು ಅಂತ ನಾವೇ ಕೂತು ತರ್ಕ ಮಾಡಿದೆವು. ಸಿಲಬಸ್ ಜಾಸ್ತಿಯಾಯ್ತು ಅಂದ ಒಬ್ಬ. ಇಂಟರ್ನಲ್ಸ್ ಬಂತಲ್ಲ ಅಂದ ಇನ್ನೊಬ್ಬ. ಸರ್ಟಿಫಿಕೇಟ್ ಕೊಡಲ್ಲ ಅಂದದ್ದೇ ತಪ್ಪು ಅಂದ ಮತ್ತೊಬ್ಬ. ಕೊನೆಗೆ ಕ್ಯಾಂಟೀನ್‌ನಲ್ಲಿ ಸಿಕ್ಕ ಫಸ್ಟ್ ಇಯರ್ ಹುಡುಗಿಯೊಬ್ಬಳನ್ನು ನೇರವಾಗಿ ಕೇಳಿಯೇಬಿಟ್ಟೆ, ಯಾಕಮ್ಮ ಬರ್ತಿಲ್ಲ ಅಂತ.

"ಅಣ್ಣಾ, ಕ್ಲಾಸ್ ಬಿಡೋದು ಆರೂವರೆಗೆ. ನಮ್ ಹಾಸ್ಟೆಲ್ ಗೇಟ್ ಹಾಕೋದೂ ಆರೂವರೆಗೆ."

ಐದು ಜನ ಬುದ್ಧಿವಂತರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಐವರೂ ಹುಡುಗರು, ಅದಕ್ಕೇ ಇರಬೇಕು. ಹರಿಹರ, ಚನ್ನಗಿರಿ ಕಡೆಯಿಂದ ಬಸ್ಸಿನಲ್ಲಿ ಓಡಾಡುವವರ ಕಥೆಯೂ ಅದೇ. ಅವಳು ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದಳು.

"ಕೈ ಎತ್ತಿ ಕೇಳೋಕೆ ನಾಚಿಕೆ ಆಗುತ್ತೆ. ಕೇಳಿದ್ರೂ ನೀವು ಬಂದು ಟಪಟಪ ಅಂತ ಸರಿ ಮಾಡಿ ಹೋಗ್ತೀರ. ಏನ್ ಮಾಡಿದ್ರಿ ಅಂತ ಕೇಳೋದ್ರೊಳಗೆ ಪಕ್ಕದ ಸಿಸ್ಟಂ ಹತ್ರ ಇರ್ತೀರ."

ಮುಂದಿನ ವಾರದಿಂದ ಕ್ಲಾಸು ಶನಿವಾರ ಮಧ್ಯಾಹ್ನ ಒಂದೂವರೆಗೆ. ಅದರ ಜೊತೆ ಎರಡು ನಿಯಮ ಮಾಡಿಕೊಂಡೆವು. ಒಂದು, ಹೇಳಿಕೊಡುವವರು ಕಲಿಯುವವರ ಕೀಬೋರ್ಡ್ ಮುಟ್ಟುವ ಹಾಗಿಲ್ಲ. ಬಾಯಲ್ಲಿ ಹೇಳಬಹುದು, ಬೆರಳು ತೋರಿಸಬಹುದು, ಅಷ್ಟೇ. ಮೊದಮೊದಲು ನಾನು ಕೈ ಹಿಂದಕ್ಕೆ ಕಟ್ಟಿಕೊಂಡೇ ನಿಲ್ಲಬೇಕಾಯಿತು, ಅಷ್ಟು ತುರಿಕೆ. ಎರಡನೆಯದು ಸಾಫ್ಟ್‌ವೇರ್ ಕಾರ್ಪೆಂಟ್ರಿಯವರ ತರಗತಿಗಳಿಂದ ಎತ್ತಿಕೊಂಡದ್ದು. ವಿಜ್ಞಾನಿಗಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡಲು 1998ರಲ್ಲಿ ಶುರುವಾದ ಬಳಗ ಅದು. ಅಲ್ಲಿ ಪ್ರತಿಯೊಬ್ಬರಿಗೂ ಎರಡು ಬಣ್ಣದ ಅಂಟು ಚೀಟಿ ಕೊಡುತ್ತಾರೆ. ಕೆಲಸ ಮುಗಿದರೆ ಒಂದು ಬಣ್ಣದ್ದು, ಸಿಕ್ಕಿಹಾಕಿಕೊಂಡರೆ ಇನ್ನೊಂದು, ಸ್ಕ್ರೀನ್ ಅಂಚಿಗೆ ಅಂಟಿಸಬೇಕು. ನಾವು ಹಸಿರು, ಗುಲಾಬಿ ಇಟ್ಟುಕೊಂಡೆವು. ಕೈ ಎತ್ತಲು ನಾಚುತ್ತಿದ್ದವರು ಚೀಟಿ ಅಂಟಿಸಲು ನಾಚಲಿಲ್ಲ. ಒಂದು ಶನಿವಾರ ಇಡೀ ಲ್ಯಾಬ್ ಗುಲಾಬಿಯಾಯಿತು. ಅವತ್ತು ನಾನು ಫಂಕ್ಷನ್ ಅಂದರೇನು ಅಂತ ವಿವರಿಸಿದ್ದೆ. ಮತ್ತೆ ಮೊದಲಿಂದ ಹೇಳಿದೆ.

ಎರರ್ ಬಂದಾಗ ಕೊನೆಯ ಸಾಲನ್ನು ಮೊದಲು ಓದಿ ಅಂತಲೂ ಶುರುವಿನಲ್ಲೇ ಹೇಳತೊಡಗಿದೆವು. ಪೈಥಾನ್ ಮೇಲಿಂದ ಉದ್ದಕ್ಕೆ ಏನೇನೋ ಬರೆದು, ನಿಜವಾದ ದೂರನ್ನು ಕೊನೆಗೆ ಹೇಳುತ್ತದೆ. ನಮ್ಮಜ್ಜಿ ಫೋನ್ ಮಾಡಿದಾಗ ಹೇಗೋ ಹಾಗೆ. ಕನ್ನಡ ಮೀಡಿಯಂನಿಂದ ಬಂದವರಿಗೆ ಇಷ್ಟೊಂದು ಇಂಗ್ಲಿಷ್ ಒಟ್ಟಿಗೆ ಕಂಡರೆ ಯಾರೋ ಬೈದ ಹಾಗಾಗುತ್ತದೆ. ಒಂದೇ ಸಾಲು ಓದಿದರೆ ಸಾಕು ಅಂದ ಮೇಲೆ ಎಷ್ಟೋ ಜನ ಧೈರ್ಯ ಮಾಡಿದರು.

ಮೂರು ಗಂಟೆಗೆ ಕ್ಲಾಸ್ ಮುಗಿದ ಮೇಲೆ ಮಂಡಕ್ಕಿ. ನಮ್ಮದು ಮಂಡಕ್ಕಿ ಭಟ್ಟಿಗಳ ಊರು, ಇದಕ್ಕೆ ಬೇರೆ ಕಾರಣ ಬೇಕಿಲ್ಲ. ತಲೆಗೆ 20 ರೂಪಾಯಿ ಹಾಕಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಟೀ ತರಿಸುತ್ತಿದ್ದೆವು. ಲ್ಯಾಬ್ ಒಳಗೆ ತಿನ್ನುವ ಹಾಗಿಲ್ಲ, ಹೊರಗೆ ಮೆಟ್ಟಿಲ ಮೇಲೆ ಪೇಪರ್ ಹಾಸಿಕೊಂಡು ಸುತ್ತ ಕೂರುವುದು. ಕ್ಲಾಸಿನಲ್ಲಿ ಒಂದೂ ಪ್ರಶ್ನೆ ಕೇಳದವರು ಇಲ್ಲಿ ಕೇಳುತ್ತಿದ್ದರು. ಬಾಯಿ ತುಂಬ ಮಂಡಕ್ಕಿ ಇದ್ದಾಗ ಪ್ರಶ್ನೆ ದಡ್ಡತನದ್ದು ಅನಿಸುವುದಿಲ್ಲವೋ ಏನೋ.

ಹಾಗಾಗಿ ಪಾಠವೂ ಅಲ್ಲಿಂದಲೇ ಹುಟ್ಟಿತು. ಒಂದು ವಾರ ಮಂಡಕ್ಕಿ ಅಂಗಡಿ ಬಿಲ್ ಹಾಕುವ ಪ್ರೋಗ್ರಾಂ ಬರೆಯಿಸಿದೆವು. ಒಂದು ಮೆಣಸಿನಕಾಯಿಗೆ 10 ರೂಪಾಯಿ, ಬೇಕಾದದ್ದು 4. ಒಬ್ಬ ಹುಡುಗನ ಸ್ಕ್ರೀನ್ ಮೇಲೆ ಬಂದ ಉತ್ತರ 10101010. ಅವನು ಅಂಕಿ ಎಣಿಸಿ ಗಟ್ಟಿಯಾಗಿ ಓದಿದ: ಒಂದು ಕೋಟಿ ಒಂದು ಲಕ್ಷ ಒಂದು ಸಾವಿರದ ಹತ್ತು ರೂಪಾಯಿ. ಲ್ಯಾಬ್ ಎದ್ದು ಬಿದ್ದು ನಕ್ಕಿತು. ಇನ್‌ಪುಟ್ ಅಂತ ಕೇಳಿ ಪಡೆದದ್ದನ್ನು ಪೈಥಾನ್ ಅಕ್ಷರ ಅಂತಲೇ ಇಟ್ಟುಕೊಳ್ಳುತ್ತದೆ, ಅಂಕಿ ಅಂತ ಅಲ್ಲ. ಅವನು ಎಷ್ಟು ಬೇಕು ಅನ್ನುವುದನ್ನು ಇಂಟ್ ಹಾಕಿ ಅಂಕಿ ಮಾಡಿದ್ದ, ರೇಟನ್ನು ಮರೆತಿದ್ದ. ಪೈಥಾನ್ ನಿಯತ್ತಾಗಿ "10" ಅನ್ನುವ ಪದವನ್ನು ನಾಲ್ಕು ಸಲ ಬರೆದುಕೊಟ್ಟಿತು. ಡೇಟಾ ಟೈಪ್ ಬಗ್ಗೆ ನಾನು ಮಾಡಿದ್ದ 14 ಸ್ಲೈಡ್ ಆಮೇಲೆ ತೆರೆಯಲೇ ಇಲ್ಲ.

ಮೆಟ್ಟಿಲ ಮೇಲೆ ಹುಟ್ಟಿದ ಇನ್ನೊಂದು ಪಾಠ ನಮ್ಮನ್ನೇ ತಬ್ಬಿಬ್ಬು ಮಾಡಿತು. ಹಿಂದೆ ಮುಂದೆ ಹೇಗೆ ಓದಿದರೂ ಒಂದೇ ಇರುವ ಪದ ಹುಡುಕುವುದು ಎಲ್ಲರೂ ಮಾಡಿಸುವ ಲೆಕ್ಕ. ಇಂಗ್ಲಿಷ್ ಪದಗಳೇ ಯಾಕೆ ಅಂತ ಒಬ್ಬಳು ಮೊಬೈಲ್‌ನಲ್ಲಿ ಕನ್ನಡ ಟೈಪ್ ಮಾಡಿ ತಂದಳು. ಕನಕ ಕೊಟ್ಟಳು, ಟ್ರೂ ಅಂತು. ನಯನ ಕೊಟ್ಟಳು, ಅದೂ ಟ್ರೂ. ಆಮೇಲೆ ವಿಕಟಕವಿ ಕೊಟ್ಟಳು. ಫಾಲ್ಸ್!

ತೆನಾಲಿ ರಾಮನಿಗೇ ಫಾಲ್ಸ್ ಅಂದರೆ ಹೇಗೆ? ಒಂದೊಂದೇ ಅಕ್ಷರ ಪ್ರಿಂಟ್ ಮಾಡಿಸಿ ನೋಡಿದೆವು. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಪದ್ಧತಿಯಾದ ಯೂನಿಕೋಡ್‌ನಲ್ಲಿ "ವಿ" ಅನ್ನುವುದು ಒಂದಲ್ಲ, ಎರಡು. ಮೊದಲು ವ, ಆಮೇಲೆ ಗುಡಿಸು. ತಿರುಗಿಸಿದಾಗ ಗುಡಿಸು ಮುಂದೆ ಬಂದು, ಹಿಡಿಯಲು ಅಕ್ಷರವಿಲ್ಲದೆ, ಒಂದು ಚುಕ್ಕಿ ವೃತ್ತಕ್ಕೆ ಜೋತು ಬೀಳುತ್ತದೆ. ಅವತ್ತು ಬಸ್ಸಿನವರೂ ಒಂದು ಬಸ್ ಬಿಟ್ಟು ಕೂತರು. ಗುಣಿತದ ಗುರುತು ಬಂದರೆ ಅದನ್ನು ಹಿಂದಿನ ಅಕ್ಷರಕ್ಕೆ ಅಂಟಿಸಿ, ಆಮೇಲೆ ತಿರುಗಿಸಬೇಕು ಅಂತ ಅವರೇ ಕಂಡುಕೊಂಡರು. ಆರೇಳು ಸಾಲಿನ ಲೂಪ್. ವಿಕಟಕವಿ ಟ್ರೂ ಆದಾಗ ಸಿಳ್ಳೆ ಬಿತ್ತು. ಮುಂದಿನ ವಾರ ಅದೇ ಹುಡುಗಿ ನಮಸ್ಕಾರ ಅನ್ನುವ ಪದ ತಂದಳು. ಪೈಥಾನ್ ಲೆಕ್ಕದಲ್ಲಿ ಅದಕ್ಕೆ 7 ಅಕ್ಷರ, ನಮ್ಮ ಪ್ರೋಗ್ರಾಂ ಲೆಕ್ಕದಲ್ಲಿ 5, ಒಂದನೇ ಕ್ಲಾಸಿನ ಮಗುವಿನ ಲೆಕ್ಕದಲ್ಲಿ 4. ಒತ್ತಕ್ಷರದ ಜಗಳ ಇನ್ನೆರಡು ವಾರ ನಡೆಯಿತು.

ಎಲ್ಲವೂ ಹೀಗೇ ಗೆದ್ದಿತು ಅಂತಲ್ಲ. ದೊಡ್ಡ ಕಂಪನಿಯಲ್ಲಿರುವ ಸೀನಿಯರ್ ಒಬ್ಬರನ್ನು ಕರೆಸಿ ಸೆಮಿನಾರ್ ಹಾಲ್‌ನಲ್ಲಿ ಭಾಷಣ ಇಟ್ಟೆವು. ಶಾಲು, ಹಾರ, ಫೋಟೋ ಎಲ್ಲ ಆಯಿತು. ಹಾಲ್ ತುಂಬಿತ್ತು, ಆದರೆ ಅದರಿಂದ ಶನಿವಾರಕ್ಕೆ ಒಬ್ಬನೂ ಹೊಸಬ ಬರಲಿಲ್ಲ. ಕ್ಲಬ್ ದುಡ್ಡು ಮಾತ್ರ ಖಾಲಿ. ಅದಕ್ಕಿಂತ ಪ್ರಿಂಟ್ ತೆಗೆದ ಕೋಡ್ ಹಾಳೆಯಲ್ಲಿ ತಪ್ಪು ಹುಡುಕುವ ಆಟ ಎಷ್ಟೋ ಚೆನ್ನಾಗಿತ್ತು. ಇಬ್ಬಿಬ್ಬರ ಜೋಡಿ, ಚೀಟಿ ಎತ್ತಿ ಜೋಡಿ ಮಾಡುವುದು, ಕಂಪ್ಯೂಟರ್ ಬೇಡ, ಗೆದ್ದವರಿಗೆ ಬೆಣ್ಣೆ ದೋಸೆ. ಮೆಕ್ಯಾನಿಕಲ್‌ನ ಇಬ್ಬರು ನಮ್ಮ ಬ್ರಾಂಚ್‌ನವರನ್ನು ಸೋಲಿಸಿ ದೋಸೆ ತಿಂದರು. ಆ ಸೆಮಿಸ್ಟರ್ ಮುಗಿಯುವಾಗ ಶನಿವಾರಕ್ಕೆ ತಪ್ಪದೆ ಬರುತ್ತಿದ್ದವರು 34 ಜನ.

ಈಗ ನಾನು ಫೈನಲ್ ಇಯರ್. ಕ್ಲಬ್ ನೋಡಿಕೊಳ್ಳುವುದು ಕ್ಯಾಂಟೀನ್‌ನಲ್ಲಿ ಗೇಟಿನ ವಿಷಯ ಹೇಳಿದ ಅದೇ ಹುಡುಗಿ. ಹೋದ ತಿಂಗಳು ಪ್ರಾಜೆಕ್ಟ್ ಕೆಲಸಕ್ಕೆ ಅಂತ ಆ ಕಡೆ ಹೋದವನು ಲ್ಯಾಬ್ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಪಕ್ಕದ ಹುಡುಗ ಗುಲಾಬಿ ಚೀಟಿ ಅಂಟಿಸಿದ. ನೋಡಿದರೆ ಒಂದು ಕೋಲನ್ ಬಿಟ್ಟಿದ್ದ, ಅಷ್ಟೇ. ನನ್ನ ಕೈ ತಾನಾಗೇ ಮುಂದೆ ಹೋಯಿತು.

"ಅಣ್ಣಾ, ಕೀಬೋರ್ಡ್ ಮುಟ್ಟಂಗಿಲ್ಲ!" ಬೋರ್ಡ್ ಹತ್ತಿರದಿಂದಲೇ ಕೂಗಿದಳು.

ಕೈ ಹಿಂದಕ್ಕೆ ತಗೊಂಡೆ.