11 ರನ್ ಬಿಟ್ಟು 2 ರನ್ ಹಿಡಿದೆ: ನಮ್ಮ ಸ್ಕೀ ಗುಡ್ಡ ಉಳಿದದ್ದು ಹೀಗೆ

ಇಷ್ಟು ದಿನ ಬರೆಯಲಿಲ್ಲ, ಯಾಕಂದ್ರೆ ಕೈಯಲ್ಲಿ ಲೆಕ್ಕ ಇಲ್ಲದೆ ಬರೆದರೆ ಬರೀ ಬಾಯಿಮಾತು ಅನ್ನುತ್ತಾರೆ. ಈಗ ನಾಲ್ಕು ಚಳಿಗಾಲದ ಲೆಕ್ಕ ಇದೆ. ಸ್ಕೀ ಗುಡ್ಡಗಳಲ್ಲಿ ಪ್ಯಾಟ್ರೋಲ್ (ಸುರಕ್ಷತೆ ನೋಡೋದು), ರೆಂಟಲ್ (ಸ್ಕೀ, ಬೂಟು ಬಾಡಿಗೆಗೆ ಕೊಡೋದು), ಸ್ನೋಮೇಕಿಂಗ್ (ಯಂತ್ರದಿಂದ ಹಿಮ ಮಾಡೋದು) ಅಂತ ಕೆಲಸ ಮಾಡುವ ನಮ್ಮ ಕನ್ನಡದವರು ಆಗಾಗ ಫೋನಿನಲ್ಲಿ ಕೇಳುತ್ತಿರುತ್ತಾರೆ, ಅವರಿಗೋಸ್ಕರ ಇದು. ವೆಟ್ ಬಲ್ಬ್ ಅಂದ್ರೇನು, ಹಿಮ ಹರಡಿ ಸಮ ಮಾಡುವ ಗ್ರೂಮರ್ ಗಾಡಿ ಹೇಗೆ ಓಡಿಸೋದು ಅಂತೆಲ್ಲ ವಿವರಿಸುತ್ತಾ ಕೂರಲ್ಲ.

ನಮ್ಮದು ಮಿಷಿಗನ್ ಉತ್ತರದ ಸಣ್ಣ ಊರು. ಊರಿನ ಸಂಘ ನಡೆಸುವ ಗುಡ್ಡ. 250 ಅಡಿ ಎತ್ತರ, 45 ಎಕರೆ, 11 ರನ್ (ಸ್ಕೀ ಮಾಡುತ್ತಾ ಇಳಿಯುವ ದಾರಿ), ಜನರನ್ನು ಮೇಲಕ್ಕೆ ಒಯ್ಯುವ ಎರಡು ಹಳೇ ಚೇರ್‌ಲಿಫ್ಟ್, ಮಕ್ಕಳಿಗೊಂದು ರೋಪ್ ಟೋ (ಹಿಡಿದುಕೊಂಡರೆ ಮೇಲಕ್ಕೆ ಎಳೆಯುವ ಹಗ್ಗ). ಐದು ವರ್ಷ ವಾರಾಂತ್ಯದ ರಾತ್ರಿ ಪಾಳಿಯಲ್ಲಿ ಸ್ನೋಮೇಕಿಂಗ್‌ಗೆ ಸುಮ್ನೆ ಕೈ ಜೋಡಿಸುತ್ತಿದ್ದವನು ನಾನು. ಹಗಲು ಕೆಲಸ ಕಾರಿನ ಬಿಡಿಭಾಗ ಮಾಡುವ ಕಡೆ ಪ್ರೊಡಕ್ಷನ್ ಪ್ಲಾನಿಂಗ್. 2021ರ ಬೇಸಿಗೆಯಲ್ಲಿ ಮ್ಯಾನೇಜರ್ ಆಗು ಅಂತ ಕೇಳಿದರು, ಬೇರೆ ಯಾರೂ ಒಪ್ಪಿರಲಿಲ್ಲ. ಬ್ಯಾಂಕ್ ಸಾಲ ಹತ್ತಿರ ಹತ್ತಿರ 1.8 ಲಕ್ಷ ಡಾಲರ್, ಹಿಂದಿನ ಸೀಸನ್ ನಷ್ಟ 90 ಸಾವಿರ ಚಿಲ್ಲರೆ. ಆ ಕೋವಿಡ್ ಚಳಿಗಾಲದಲ್ಲಿ ಹೊರಗೆ ಬಂದು ಆಡಬೇಕು ಅಂತ ಜನ ಎಲ್ಲಾ ಗುಡ್ಡಗಳಿಗೂ ಮುಗಿಬಿದ್ದಿದ್ದರು. ಅಂಥ ವರ್ಷವೇ ನಮಗೆ ನಷ್ಟ. ಹಾಗಾದ್ರೆ ತಪ್ಪು ಹವಾಮಾನದ್ದಲ್ಲ, ನಡೆಸುವ ರೀತಿಯದು ಅಂತ ನನಗೆ ಅವತ್ತೇ ಗೊತ್ತಾಯಿತು.

ನಾನು ಮೊದಲು ನೋಡಿದ್ದು ಹಿಮ ಮಾಡಲು ನೀರು ಕೊಡುವ ಕೆರೆ. ನಮ್ಮ ಕೆರೆ ತುಂಬಿದರೆ ಸುಮಾರು 20 ಲಕ್ಷ ಗ್ಯಾಲನ್. ಒಂದು ಎಕರೆಗೆ ಒಂದು ಅಡಿ ಹಿಮ ಹಾಸಲು ಹತ್ತಿರ ಹತ್ತಿರ 1.7 ಲಕ್ಷ ಗ್ಯಾಲನ್ ಬೇಕು. ಅಂದರೆ ಒಂದು ತುಂಬಿದ ಕೆರೆಗೆ 12 ಎಕರೆ-ಅಡಿ ಹಿಮ. ಹಿಂದಿನವರು ಅದನ್ನು 45 ಎಕರೆಗೂ ಹಂಚುತ್ತಿದ್ದರು, ಕ್ರಿಸ್‌ಮಸ್ ಹೊತ್ತಿಗೆ 11 ರನ್ನೂ ತೆರೆದಿದ್ದೇವೆ ಅಂತ ಬೋರ್ಡ್ ಹಾಕಬೇಕಲ್ಲ, ಅದಕ್ಕೆ. ಲೆಕ್ಕ ಹಾಕಿ, ಬೀಳೋದು ಮೂರು ಇಂಚು. ಒಂದು ಮಳೆ ಬಂದರೆ ಹುಲ್ಲು ಕಾಣಿಸುತ್ತೆ. ಅದೇ ನೀರನ್ನು 6 ಎಕರೆಗೆ ಹಾಕಿದರೆ ಎರಡು ಅಡಿ.

ಇದನ್ನು ನಾನು ಅಮೆರಿಕದಲ್ಲಿ ಕಲಿತದ್ದಲ್ಲ. ನಮ್ಮದು ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ. ಫೆಬ್ರವರಿ ಮಾರ್ಚಲ್ಲಿ ಮಳೆ ಕೈಕೊಟ್ಟರೆ ರೊಬಸ್ಟಾಗೆ ಹೂವಿನ ನೀರು ಕೊಡಬೇಕು. ಹೊಳೆ ಬದಿಯಲ್ಲಿ ಡೀಸೆಲ್ ಪಂಪು, ಅಲ್ಲಿಂದ ಅಲ್ಯೂಮಿನಿಯಂ ಪೈಪು, ಜೆಟ್ಟು. ರಜೆಯಲ್ಲಿ ಆ ಪೈಪು ಹೊತ್ತು ಹೆಗಲು ಕಂದಿದ್ದು ಇನ್ನೂ ನೆನಪಿದೆ. ಗಿಡಗಳ ನಡುವೆ ಅಪ್ಪ ಖಾಲಿ ಡಬ್ಬ ಇಡುತ್ತಿದ್ದರು, ಅದರಲ್ಲಿ ಒಂದಿಂಚಿಗಿಂತ ಜಾಸ್ತಿ ನೀರು ನಿಲ್ಲುವ ತನಕ ಪೈಪು ಕದಲಿಸುವ ಹಾಗಿಲ್ಲ. ಪಕ್ಕದ ಬ್ಲಾಕು ಒಣಗುತ್ತಿದ್ದರೂ ಸರಿ, ಹಿಡಿದ ಬ್ಲಾಕ್ ಮುಗಿಸಬೇಕು. ಅರ್ಧಂಬರ್ಧ ನೀರು ಬಿದ್ದರೆ ಮೊಗ್ಗೇ ಕೆಟ್ಟುಹೋಗುತ್ತೆ, ಎರಡೂ ಬ್ಲಾಕ್ ಹಾಳು. ಸ್ನೋಮೇಕಿಂಗ್ ಪೈಪ್‌ಲೈನ್ ಮುಂದೆ ಮೊದಲ ಸಲ ನಿಂತಾಗ ನನಗೆ ಅದು ಪೂರ್ತಿ ಪರಿಚಯದ ವಸ್ತು ಅನ್ನಿಸಿತ್ತು.

ಹಾಗಾಗಿ ಕಮಿಟಿ ಮೀಟಿಂಗಲ್ಲಿ ಹೇಳಿದೆ: ಎರಡು ರನ್ ಮಾತ್ರ, ಒಂದು ಕಲಿಯುವವರಿಗೆ, ಒಂದು ಎದುರಿನ ಚೇರ್‌ಲಿಫ್ಟ್ ಕೆಳಗಿನದು. ಎರಡೂ 24 ಇಂಚು ತುಂಬುವ ತನಕ ಮೂರನೇ ರನ್‌ಗೆ ಒಂದು ಹನಿ ನೀರಿಲ್ಲ. ಒಬ್ಬರು ಎದ್ದು ಹೋದರು. ಇನ್ನೊಬ್ಬರು, ಎರಡು ರನ್ ನೋಡೋಕೆ ಯಾರು ಬರ್ತಾರೆ ಅಂದರು. ಮನೆಯಲ್ಲೂ ಬೆಂಬಲ ಇರಲಿಲ್ಲ. ಸಂಬಳ ಅರ್ಧಕ್ಕೆ ಇಳಿದಿತ್ತು. ಅಮ್ಮ ಫೋನಲ್ಲಿ, "ಅಷ್ಟು ಓದಿ ಐಸ್ ಮಾಡೋ ಕೆಲಸಕ್ಕೆ ಸೇರಿದ್ಯಾ ಮಗಾ" ಅಂತ ಅತ್ತರು.

ಮೊದಲ ಚಳಿಗಾಲ ದುಡ್ಡು ಹೋದ ರೀತಿ ಹೇಳುತ್ತೇನೆ, ನೀವಾದರೂ ಉಳಿಸಿಕೊಳ್ಳಿ.

ಒಂದು ಕರೆಂಟ್ ಬಿಲ್. ಅಕ್ಟೋಬರ್ ಕೊನೆಯಲ್ಲಿ ಎಲ್ಲಾ ಸರಿ ಇದೆಯಾ ನೋಡೋಣ ಅಂತ ದೊಡ್ಡ ಪಂಪು, ಹಿಮ ಉಗುಳುವ ನಾಲ್ಕೂ ಫ್ಯಾನ್ ಗನ್, ಲಿಫ್ಟ್ ಮೋಟರ್ ಎಲ್ಲಾ ಒಟ್ಟಿಗೆ ಹಾಕಿದೆ. ಅರ್ಧ ಗಂಟೆ, ಅಷ್ಟೇ. ನಮ್ಮ ಟ್ಯಾರಿಫ್‌ನಲ್ಲಿ ಆ ತಿಂಗಳ ಅತಿ ಹೆಚ್ಚಿನ 15 ನಿಮಿಷದ ಲೋಡ್ ಹಿಡಿದು ಡಿಮಾಂಡ್ ಚಾರ್ಜ್ ಹಾಕುತ್ತಾರೆ. ಒಬ್ಬ ಗಿರಾಕಿಯೂ ಇಲ್ಲದ ತಿಂಗಳಿಗೆ ಮೂರು ಸಾವಿರ ಡಾಲರ್ ಹತ್ತಿರ ಬಿಲ್ ಬಂತು. ಈಗ ಟೆಸ್ಟಿಂಗನ್ನು ಒಂದೊಂದೇ ಯಂತ್ರ ಹಾಕಿ ಮಾಡುತ್ತೇವೆ. ಸೀಸನ್‌ನಲ್ಲಿ ಲಿಫ್ಟ್ ಓಡುವಾಗ ಪಂಪು ಪೂರ್ತಿ ತಿರುಗಿಸಲ್ಲ. ಮೀಟರ್ ಓದುವ ತಾರೀಖನ್ನು ಗೋಡೆಗೆ ಬರೆದು ಅಂಟಿಸಿದ್ದೇವೆ. ಇದೊಂದರಿಂದಲೇ ವರ್ಷಕ್ಕೆ 11-12 ಸಾವಿರ ಉಳಿಯುತ್ತಿದೆ.

ಇನ್ನೊಂದು ಪೈಪ್ ಒಡೆದದ್ದು. ಇದು ಪೂರ್ತಿ ನನ್ನ ತಪ್ಪು. ಜನವರಿಯಲ್ಲಿ ಒಂದು ರಾತ್ರಿ ಸೊನ್ನೆಗಿಂತ 5 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ. ಬೆಳಗಿನ ಜಾವ ನಾಲ್ಕಕ್ಕೆ ಪಂಪ್ ನಿಲ್ಲಿಸಿ, ಲೈನ್ ಖಾಲಿ ಮಾಡುವಾಗ ರೋಪ್ ಟೋ ಹಿಂದಿನ ತಗ್ಗಿನ ಡ್ರೈನ್ ವಾಲ್ವ್ ಮರೆತೆ. ಕಾಫಿ ತೋಟದಲ್ಲಿ ಪೈಪಿನೊಳಗೆ ನೀರು ನಿಂತರೆ ಏನೂ ಆಗಲ್ಲ, ಇಲ್ಲಿ ಎರಡು ಗಂಟೆಯಲ್ಲಿ ಕಲ್ಲು. 60 ಅಡಿ ಪೈಪು ಉದ್ದಕ್ಕೆ ಸೀಳಿತ್ತು. ರಿಪೇರಿ 14 ಸಾವಿರ. ಒಳ್ಳೇ ಚಳಿಯ ಒಂಬತ್ತು ರಾತ್ರಿ ಹೋದದ್ದು ಬೇರೆ. ನಮ್ಮ ಲಿಫ್ಟ್ ಮೆಕ್ಯಾನಿಕ್ 70 ದಾಟಿದ ಅಜ್ಜ, ಬೈಯಲಿಲ್ಲ. ಮರುದಿನ ಪ್ರತಿ ಡ್ರೈನ್ ಹಿಡಿಗೂ ಒಂದು ಹಿತ್ತಾಳೆ ಬಿಲ್ಲೆ ಕಟ್ಟಿದರು. ತೆರೆದವನು ಬಿಲ್ಲೆ ಬಿಚ್ಚಿ ತಂದು ಪಂಪ್‌ಹೌಸಿನ ಮೊಳೆಗೆ ನೇತುಹಾಕಬೇಕು. 13 ಬಿಲ್ಲೆ ಮೊಳೆಗೆ ಬರದೆ ಯಾರೂ ಮನೆಗೆ ಹೋಗಲ್ಲ. ಅಲ್ಲಿಂದ ಈಚೆ ಒಂದು ಪೈಪೂ ಒಡೆದಿಲ್ಲ.

ಆ ವರ್ಷ ನಷ್ಟ 55 ಸಾವಿರ. ಕಮಿಟಿಯಲ್ಲಿ ನನ್ನನ್ನು ತೆಗೆಯಲು ಒಂದು ಓಟು ಕಡಿಮೆ ಬಿತ್ತು, ಅಷ್ಟೇ.

ಹಿಮ ಮಾಡೋದರ ಬಗ್ಗೆ ಒಂದು ಮಾತು. ನಮ್ಮಲ್ಲಿ ಈಗ ಸ್ಕ್ರೀನ್ ಇದೆ, ಸೆನ್ಸರ್ ಇದೆ, ಆದ್ರೂ ಗಂಟೆಗೊಮ್ಮೆ ಗನ್ ಮುಂದೆ ನಡೆದು ಹೋಗಿ ತೋಳು ಚಾಚಿ ನಿಲ್ಲಲೇಬೇಕು ಅನ್ನೋದು ನನ್ನ ಕಟ್ಟುನಿಟ್ಟು. ಹೆಡ್‌ಲ್ಯಾಂಪ್ ಬೆಳಕಲ್ಲಿ ಜಾಕೆಟ್ ತೋಳಿನ ಮೇಲೆ ಬೀಳೋದನ್ನು ನೋಡಿ. ರವೆಯ ಹಾಗೆ ಪುಟಿದು ಉರುಳಿದರೆ ಒಣ ಹಿಮ, ನೀರು ಇನ್ನೂ ಸ್ವಲ್ಪ ಬಿಡಬಹುದು. ಹತ್ತು ಎಣಿಸುವಷ್ಟರಲ್ಲಿ ಬಟ್ಟೆ ಮೇಲೆ ಮಂಜುಗಾಜಿನ ಪದರ ಕಟ್ಟಿದರೆ ನೀರು ಜಾಸ್ತಿ, ತಿರುಗಿಸಿ ಕಡಿಮೆ ಮಾಡಿ. ಅಂಟಬೇಕು, ಆದ್ರೆ ಕೊಡವಿದರೆ ಉದುರಬೇಕು, ಬುಡಕ್ಕೆ ಹಾಕೋ ಹಿಮ ಅದು. ವೆಟ್ ಬಲ್ಬ್ (ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿದ ತಾಪಮಾನ) 27 ಡಿಗ್ರಿ ಫ್ಯಾರನ್‌ಹೀಟ್‌ಗೆ ಬಂದ ಕೂಡಲೇ ಶುರು ಮಾಡುವವರನ್ನು ನೋಡಿದ್ದೇನೆ, ನಾನು 24ರ ತನಕ ಕಾಯುತ್ತೇನೆ. ಅದೇ ಕರೆಂಟಿಗೆ ಒಂದೂವರೆ ಪಟ್ಟು ಹಿಮ ಸಿಗುತ್ತೆ. ಗುಡ್ಡೆ ಬಿದ್ದ ಹಿಮವನ್ನು ಎರಡು ದಿನ ಹಾಗೇ ಬಿಡಿ, ನೀರು ಇಳಿಯಲಿ, ಆಮೇಲೆ ಗ್ರೂಮರ್ ಹತ್ತಿಸಿ. ಹಸಿ ಹಿಮಕ್ಕೆ ಟಿಲ್ಲರ್ (ಗ್ರೂಮರ್ ಹಿಂದಿನ ಹಿಮ ಪುಡಿ ಮಾಡುವ ಹಲ್ಲು) ಹಾಕಿದರೆ ಬೆಳಗ್ಗೆ ಸಿಮೆಂಟ್. ನಮ್ಮ ನಾಲ್ಕು ಗನ್‌ಗಳಲ್ಲಿ ಎರಡು ಯಾವ ಕೋನದಲ್ಲಿ, ಮರಗಳ ಯಾವ ಕಡೆ ನಿಲ್ಲುತ್ತವೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ, ಅದು ಕಂಡುಹಿಡಿಯಲು ನನಗೆ ಎರಡು ವರ್ಷ ಹಿಡಿಯಿತು.

ಇನ್ನು ಪಾಸಿನ ವಿಷಯ. ನಮ್ಮ ಸೀಸನ್ ಪಾಸ್ 350 ಡಾಲರ್ ಇತ್ತು, ಅಕ್ಟೋಬರಲ್ಲಿ ಮಾರುತ್ತಿದ್ದರು, 400 ಚಿಲ್ಲರೆ ಹೋಗುತ್ತಿದ್ದವು. ನಾನು 149ಕ್ಕೆ ಇಳಿಸಿ ಮಾರ್ಚ್‌ನಿಂದ ಮೇ 15ರ ತನಕ ಮಾರೋಣ ಅಂದೆ. ಐಡಹೋದ ಬೋಗಸ್ ಬೇಸಿನ್ ಸ್ಕೀ ಗುಡ್ಡದ ಉದಾಹರಣೆ ಕೊಟ್ಟೆ. ಅದೂ ಲಾಭಕ್ಕಲ್ಲದ ಸಂಸ್ಥೆಯೇ. 1998ರಲ್ಲಿ 500ರ ಆಸುಪಾಸಿದ್ದ ಪಾಸನ್ನು 199ಕ್ಕೆ ಇಳಿಸಿತು, 20 ಸಾವಿರಕ್ಕೂ ಜಾಸ್ತಿ ಪಾಸು ಖರ್ಚಾದವು, ಇಡೀ ದೇಶದ ಗುಡ್ಡಗಳು ತಿರುಗಿ ನೋಡಿದವು. ಅವರಿಗೆ ಬಾಯ್ಸಿಯಂಥ ಪಟ್ಟಣ ಪಕ್ಕದಲ್ಲಿದೆ, ನಡೆಯುತ್ತೆ, ನಮಗೇನಿದೆ ಅಂತ ಕಮಿಟಿ ಕೇಳಿತು. ನಮ್ಮದೇ ರಾಜ್ಯದ ಮೌಂಟ್ ಬೊಹೀಮಿಯಾ 99 ಡಾಲರ್ ಪಾಸು ಮಾರಿದೆಯಲ್ಲ ಅಂದೆ. ಅವರಿಗೆ ಸುಪೀರಿಯರ್ ಸರೋವರ ಪುಕ್ಕಟೆ ಹಿಮ ಕೊಡುತ್ತೆ, ಗನ್ನೂ ಬೇಡ ಗ್ರೂಮರೂ ಬೇಡ, ಅದು ನುರಿತವರ ಗುಡ್ಡ ಅಂದರು. ಆ ಮಾತು ನಿಜವೇ. ಆದ್ರೆ ನಾನು ಕೇಳಿದ್ದು ಬೆಲೆಗಾಗಿ ಅಲ್ಲ, ತಾರೀಖಿಗಾಗಿ. ಏಪ್ರಿಲಲ್ಲಿ ದುಡ್ಡು ಕೈಗೆ ಬಂದರೆ ಬೇಸಿಗೆಯ ಬ್ಯಾಂಕ್ ಸಾಲ ಬೇಡ, ಅದರ ಬಡ್ಡಿಯೇ 9 ಸಾವಿರ ಹತ್ತಿರ ಇತ್ತು.

2022ರ ಆ ಮೊದಲ ಮಾರಾಟದಲ್ಲಿ 700 ಹೋದವು. ನಾನು 1,500 ಅಂತ ಹೇಳಿಬಿಟ್ಟಿದ್ದೆ, ಹಾಗಾಗಿ ಎಲ್ಲರ ಮುಖ ಸಪ್ಪೆ. ಚಳಿ ಹತ್ತಿರ ಬಂದಾಗ 249ಕ್ಕೆ ಇನ್ನೊಂದು 300. ಆದ್ರೂ ಒಟ್ಟು 1.8 ಲಕ್ಷದ ಹತ್ತಿರ ಬಂತು, ಹಳೇ ಲೆಕ್ಕಕ್ಕಿಂತ 35 ಸಾವಿರ ಜಾಸ್ತಿ. ದಿನದ ಟಿಕೆಟ್ ಬಿದ್ದುಹೋಯಿತು, ಅದು ನಿಜ. ಆದ್ರೆ ಪಾಸಿದ್ದವರು ಬರುವಾಗ ಪಾಸಿಲ್ಲದ ಅಕ್ಕನ ಮಕ್ಕಳನ್ನು, ಪಕ್ಕದ ಮನೆಯವರನ್ನು ಕರೆತಂದರು, ರೆಂಟಲ್ ಮತ್ತು ಕ್ಯಾಂಟೀನಲ್ಲಿ ಅದು ವಾಪಸ್ ಬಂತು.

ಆ ಎರಡನೇ ಚಳಿಗಾಲ, 2022ರ ಕ್ರಿಸ್‌ಮಸ್‌ಗೆ ಭಾರಿ ಹಿಮಗಾಳಿ, ಅದರ ಬೆನ್ನಿಗೇ ಹೊಸ ವರ್ಷಕ್ಕೆ ಬೆಚ್ಚನೆಯ ಮಳೆ. ಸುತ್ತಲೂ ಕಂದು ಹುಲ್ಲು. ನಮ್ಮ ಎರಡು ರನ್ ಮಾತ್ರ ಬಿಳಿ ಪಟ್ಟಿ ಹಾಗೆ ನಿಂತಿದ್ದವು. ಹೊಸ ವರ್ಷದ ಶನಿವಾರ ಪಾರ್ಕಿಂಗ್ ತುಂಬಿ ರಸ್ತೆ ಬದಿಗೆ ಕಾರು ನಿಂತವು. ಆವತ್ತು ಎದ್ದು ಹೋಗಿದ್ದ ಕಮಿಟಿಯವರೇ ಬಂದು ಟಾರ್ಚ್ ಹಿಡಿದು ಕಾರು ನಿಲ್ಲಿಸಿದರು. ನನಗೆ ಅಷ್ಟು ಸಾಕಾಗಿತ್ತು.

ಮಧ್ಯೆ ಒಂದಿಷ್ಟು ಪ್ರಯೋಗ ಮಾಡಿದೆ. ವರ್ಮಾಂಟಿನ ಕ್ರಾಫ್ಟ್ಸ್‌ಬರಿಯಲ್ಲಿ ಮರದ ಚಕ್ಕೆ ಮುಚ್ಚಿ ಬೇಸಿಗೆ ಪೂರ್ತಿ ಹಿಮ ಉಳಿಸಿದ್ದರಲ್ಲ, ನಾವೂ ಮಾರ್ಚಲ್ಲಿ ಒಂದು ಗುಡ್ಡೆ ಒಟ್ಟಿ ಒಂದಡಿ ಚಕ್ಕೆ ಮುಚ್ಚಿದೆವು. ನಮ್ಮ ಗುಡ್ಡೆ ತೀರಾ ಚಿಕ್ಕದಿತ್ತು. ಆಗಸ್ಟ್ ಹೊತ್ತಿಗೆ ಒದ್ದೆ ಚಕ್ಕೆ ಮಾತ್ರ ಉಳಿದಿತ್ತು, 2,200 ಡಾಲರ್ ಹೋಯಿತು. ಇನ್ನೊಂದು, ಕ್ಯಾಂಟೀನಲ್ಲಿ ಟೊಮೆಟೊ ಸಾರು. ಮೆಣಸು, ಜೀರಿಗೆ ಕುಟ್ಟಿ ಹಾಕಿದ ಮನೆ ಸಾರು, ಕಪ್ಪಿಗೆ 4 ಡಾಲರ್, ಜೊತೆಗೆ ಚೀಸ್ ಸ್ಯಾಂಡ್‌ವಿಚ್. ಮೊದಲ ವಾರ ದಿನಕ್ಕೆ ಆರು ಕಪ್ಪು. ಒಂದು ಚಳಿಯ ರಾತ್ರಿ ಸ್ಕೀ ಪ್ಯಾಟ್ರೋಲ್‌ನವರಿಗೆ ಬಿಟ್ಟಿ ಕೊಟ್ಟೆ, ಆಮೇಲೆ ಅವರೇ ಎಲ್ಲರಿಗೂ ಹೇಳಿದರು. ಈಗ ಶನಿವಾರ 150 ಕಪ್ಪಿಗೆ ಕಡಿಮೆ ಇಲ್ಲ. ಹುಣಸೆ ಜಾಸ್ತಿ ಹಾಕಬೇಡಿ, ಅವರಿಗೆ ಸೇರಲ್ಲ.

ರೆಂಟಲ್‌ನಲ್ಲಿ ಮಾಡಿದ್ದು ಒಂದೇ ಕೆಲಸ. ಫಾರಂ ತುಂಬಿಸುವ ಮುಂಚೆ ಪಾದ ಅಳೆದು ಬೂಟು ಕೈಗೆ ಕೊಡೋದು. ಕ್ಯೂ 50 ನಿಮಿಷದಿಂದ 15ಕ್ಕೆ ಇಳಿಯಿತು. ಮೊದಲ ಸಲ ಬಂದ ಮಗು ಬಿಸಿ ಕೋಣೆಯಲ್ಲಿ ಜಾಕೆಟ್ ಹಾಕಿಕೊಂಡು ಒಂದು ಗಂಟೆ ಬೆವರಿದರೆ ಇನ್ನೊಂದು ಸಲ ಬರುತ್ತಾ?

ವಾರಕ್ಕೆ ಏಳು ದಿನದ ಬದಲು ನಾಲ್ಕೇ ದಿನ ತೆರೆದೆ, ಗುರುವಾರದಿಂದ ಭಾನುವಾರ. ಮಂಗಳವಾರ ಬರುತ್ತಿದ್ದ ಹಿರಿಯರ ಗುಂಪು ಬೇಜಾರಾಯಿತು. ಅವರು ಹೇಳಿದ್ದು ನ್ಯಾಯವಾಗಿತ್ತು, ಹಾಗಾಗಿ ಮೂರನೇ ವರ್ಷದಿಂದ ಶಾಲೆಯ ರೇಸ್ ಟೀಮ್ ಜೊತೆ ಸೇರಿಸಿ ಮಂಗಳವಾರ ಸಂಜೆ ಒಂದು ಲಿಫ್ಟ್ ಓಡಿಸುತ್ತಿದ್ದೇವೆ.

ನಿಜವಾದ ಪರೀಕ್ಷೆ 2023-24. ಅಲಾಸ್ಕಾ, ಹವಾಯಿ ಬಿಟ್ಟು ಅಮೆರಿಕದ ಆವರೆಗಿನ ದಾಖಲೆಯಲ್ಲೇ ಅತಿ ಬೆಚ್ಚನೆಯ ಚಳಿಗಾಲ ಅದು, ನಮ್ಮ ಮಿಡ್‌ವೆಸ್ಟ್ ಗುಡ್ಡಗಳಿಗೆ ಬಿದ್ದ ಪೆಟ್ಟು ನಿಮಗೂ ಗೊತ್ತು. ಡಿಸೆಂಬರ್ ಪೂರ್ತಿ ಗನ್ನಿಗೆ ಕೈ ಹಚ್ಚಲಿಲ್ಲ. ಫೋನ್ ಮೇಲೆ ಫೋನ್, ಯಾವಾಗ ತೆರೀತೀರಿ ಅಂತ. ಕೆರೆ ತುಂಬಿತ್ತು, ವಸಂತದ 1,150 ಪಾಸಿನ ದುಡ್ಡು ಬ್ಯಾಂಕಿನಲ್ಲಿತ್ತು, ಹಾಗಾಗಿ ಕಾದೆ. ಜನವರಿ ಮಧ್ಯದಲ್ಲಿ ಚಳಿ ಬಂತು. ನಿಮಿಷಕ್ಕೆ 600 ಗ್ಯಾಲನ್ ಹಿಡಿದು ಎರಡೂವರೆ ದಿನದಲ್ಲಿ ಕೆರೆ ಖಾಲಿ ಮಾಡಿದೆವು. ಆರು ಜನ, ಸರದಿ ಮೇಲೆ ನಿದ್ದೆ. ಎರಡು ರನ್ನೂ 24 ಇಂಚು. ಕೆಲವು ತಗ್ಗಿನಲ್ಲಿ ಇನ್ನೂ ಜಾಸ್ತಿ. ಫೆಬ್ರವರಿಯಲ್ಲಿ ಜನ ಟೀಶರ್ಟ್ ಹಾಕಿಕೊಂಡು ಸ್ಕೀ ಮಾಡಿದರು. 31 ದಿನ ತೆರೆದಿದ್ದೆವು ಅಂತ ನೆನಪು. ಆ ವರ್ಷದ ಲಾಭ ನಾಲ್ಕು ಸಾವಿರ. ಸಣ್ಣ ಮೊತ್ತ, ಆದ್ರೆ ಆ ಚಳಿಗಾಲದಲ್ಲಿ ನಮ್ಮಂಥ ಗುಡ್ಡ ಲಾಭ ತೋರಿಸಿದ್ದು ಸಣ್ಣ ಮಾತಲ್ಲ ಅಂತ ಎದೆ ತಟ್ಟಿ ಹೇಳುತ್ತೇನೆ. ಅದನ್ನು ನೋಡಿದ ಜನ 2024ರ ವಸಂತದಲ್ಲಿ 1,600 ಪಾಸು ಕೊಂಡರು. 2024-25ರಲ್ಲಿ 61 ಸಾವಿರ ಉಳಿಯಿತು. ಸಾಲ ಈಗ 70 ಸಾವಿರಕ್ಕೆ ಬಂದಿದೆ.

ಎಷ್ಟು ರನ್ ತೆರೆಯಬೇಕು ಅಂತ ಗುರುವಾರ ರಾತ್ರಿ ನಾನು ನಿರ್ಧರಿಸುವ ಒಂದು ಚಿಕ್ಕ ಲೆಕ್ಕ ಇದೆ, ಅದು ನನ್ನ ಪುಸ್ತಕದಲ್ಲೇ ಇರಲಿ.

ಕಳೆದ ಮೇ ತಿಂಗಳಲ್ಲಿ ಕೆರೆ ಹೂಳೆತ್ತಿಸಿದೆವು, ಪರ್ಮಿಟ್ ಸೇರಿ 38 ಸಾವಿರ ಆಯಿತು. ಈಗ 27 ಲಕ್ಷ ಗ್ಯಾಲನ್ ಹಿಡಿಯುತ್ತೆ, ಅಂದರೆ ಮೊದಲ ತುಂಬಿಗೇ ಇನ್ನೊಂದು ಎರಡು ಎಕರೆ ಸೇರಿಸಬಹುದು. ಹಾಗಾದ್ರೆ ಈ ಸಲ ಐದು ರನ್ ತೆರೆಯೋಣ ಅಂತ ಕಮಿಟಿಯಲ್ಲಿ ಮಾತು ಬಂತು. ಮೂರು ಅಂದೆ. ಈ ಸಲ ಯಾರೂ ಎದ್ದು ಹೋಗಲಿಲ್ಲ.